ಕಡಲ ಕಿನಾರೆಯ ಗಡಿಗೆ ಕಲ್ಲು ನೆಡಿ

ಮಾನ್ಯ ಸಂಪಾದಕರೇ,

ಹಾವೇರಿ ಜಿಲ್ಲೆಯಿಂದ ಬಂದು ಮಡಗಾಂವ್‌ನಲ್ಲಿ ನೆಲೆಸಿ, ಇಪ್ಪತ್ತಾರು ವರ್ಷಗಳಿಂದ ಖಾಸಗಿ ಭೂಮಾಪಕರೊಬ್ಬರ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡುತ್ತಿರುವ ನಾನು, ಗೋವಾದ ಕಡಲ ಕಿನಾರೆಯ ಕುರಿತು, ಅದರಲ್ಲೂ ಸರ್ಕಾರದ ಹೆಸರಿನಲ್ಲಿದ್ದೂ ಹೇಳುವವರು ಕೇಳುವವರು ಇಲ್ಲದಂತಾಗಿರುವ ಅದರ ಮರಳಿನ ಪಟ್ಟಿಯ ಕುರಿತು, ತಮ್ಮ ಓದುಗರ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ವಿಷಯದ ತೂಕ ನೋಡಿ ಸ್ಥಳ ಒದಗಿಸಬೇಕೆಂದು ಕೋರುತ್ತೇನೆ.

ಸಾಸಷ್ಟಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಡಾಂಬರು ರಸ್ತೆಯಿಂದ ಸಮುದ್ರಕ್ಕೆ ಇಳಿಯುವ ಕಾಲುದಾರಿಯೊಂದಿತ್ತು. ತೆಂಗಿನ ತೋಟದ ಬದಿಯಲ್ಲಿ ಸಾಗಿ, ಗಾಳಿಮರಗಳ ನಡುವೆ ಮರಳು ದಿಬ್ಬವನ್ನು ಹತ್ತಿ ಇಳಿದರೆ ನೀರು. ರಂಪಣಿ ಬಲೆ ಎಳೆಯುವ ಮೀನುಗಾರರು ದೋಣಿಯ ಸಾಮಾನು ಹೊತ್ತು ಹೋಗುತ್ತಿದ್ದುದು ಆ ದಾರಿಯಲ್ಲೇ. ಭಾನುವಾರಗಳಲ್ಲಿ ನಮ್ಮ ಓಣಿಯ ಹತ್ತಾರು ಕನ್ನಡ ಕುಟುಂಬಗಳು ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಮಕ್ಕಳೊಂದಿಗೆ ಹೋಗುತ್ತಿದ್ದುದೂ ಅದೇ ದಾರಿಯಲ್ಲಿ. ಎರಡು ವರ್ಷಗಳ ಹಿಂದೆ ಅಲ್ಲಿ ಕಬ್ಬಿಣದ ಗೇಟು ನಿಂತಿತು, ಗೇಟಿನ ಹಿಂದೆ ಕಾವಲುಗಾರ ನಿಂತ. ನಾನು ಒಂದು ಕಚೇರಿಗೆ ಹೋಗಿ ಕೇಳಿದಾಗ, ಆ ದಾರಿ ತಮ್ಮ ದಾಖಲೆಯಲ್ಲಿ ಇಲ್ಲವೆಂದರು. ಎರಡನೆಯ ಕಚೇರಿಯಲ್ಲಿ, ಮರಳಿನಿಂದಾಚೆಗಿನದು ತಮ್ಮ ವ್ಯಾಪ್ತಿಯಲ್ಲ ಎಂಬ ಉತ್ತರ ಬಂತು. ಮೂರನೆಯ ಕಚೇರಿಯವರು ದೂರನ್ನು ಸರ್ವೆ ನಂಬರಿನ ಸಹಿತ ಬರೆದುಕೊಡಲು ಹೇಳಿದರು. ಆದರೆ ದೂರಿನ ಮುಖ್ಯ ಭಾಗವಾದ ಆ ಮರಳಿನ ಪಟ್ಟಿಗೆ ಸರ್ವೆ ನಂಬರೇ ಇರಲಿಲ್ಲ. ನಂಬರಿಲ್ಲದ ನೆಲದ ಮೇಲೆ ದೂರು ಕೊಡುವುದು ಹೇಗೆ ಎಂದು ನಾನು ಕೇಳಿದೆ. ಅದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ, ಮತ್ತು ನನ್ನ ದೂರಿಗೆ ಈವರೆಗೂ ಉತ್ತರ ಬಂದಿಲ್ಲ.

ಈ ನೆಲ ಯಾರದೆಂಬ ಬಗ್ಗೆ ಕಾನೂನಿನಲ್ಲಿ ಗೊಂದಲವಿಲ್ಲ. ಗೋವಾದ 1968ರ ಭೂಕಂದಾಯ ಸಂಹಿತೆಯ ಪ್ರಕಾರ, ಬೇರೆಯವರ ಹಕ್ಕು ಸಾಬೀತಾಗದ ಹೊರತು, ಉಬ್ಬರದ ಗೆರೆಯ ಕೆಳಗಿನ ಸಮುದ್ರ ಮತ್ತು ಅಳಿವೆಗಳ ತಳವೆಲ್ಲ ಸರ್ಕಾರದ್ದು. ಕರ್ನಾಟಕದ 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನಲ್ಲೂ ಇದೇ ಮಾತಿದೆ. ಸರ್ಕಾರದ್ದು ಎಂದರೆ ಸರ್ಕಾರ ತನಗೆ ಬೇಕಾದಂತೆ ಮಾರಬಹುದಾದ ಸ್ವತ್ತು ಎಂದು ಅರ್ಥವಲ್ಲ ಎಂಬುದನ್ನು ಸುಪ್ರೀಂ ಕೋರ್ಟು 1996ರ ಡಿಸೆಂಬರ್‌ನಲ್ಲಿ ಕಮಲ್ ನಾಥ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಕಡಲ ಕಿನಾರೆ, ಹರಿಯುವ ನೀರು, ಗಾಳಿ, ಕಾಡು ಇವುಗಳನ್ನು ಜನರ ಪರವಾಗಿ ಕಾಯುವ ಟ್ರಸ್ಟಿಯಷ್ಟೇ ಸರ್ಕಾರ ಎಂಬುದು ಆ ತೀರ್ಪಿನ ತಿರುಳು. 2009ರ ಜನವರಿಯಲ್ಲಿ ಇದೇ ತತ್ವವನ್ನು ನಮ್ಮ ಗೋವಾದ ನೆಲಕ್ಕೇ ಅನ್ವಯಿಸಿ, ದೋನಾ ಪಾವ್ಲಾ ಬಳಿಯ ವಾಯಂಗಿಣಿ ಕಡಲತೀರಕ್ಕೆ ಜನರು ಹಿಂದಿನಿಂದ ಬಳಸುತ್ತಿದ್ದ ದಾರಿಯನ್ನು ಹೋಟೆಲ್ ಮುಚ್ಚುವಂತಿಲ್ಲ ಎಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ಇಷ್ಟು ಸ್ಪಷ್ಟವಾದ ತೀರ್ಪು ಇದೇ ರಾಜ್ಯದ ಹೆಸರಿನಲ್ಲಿ ಇದ್ದರೂ, ಹಳ್ಳಿಯ ಒಂದು ಕಾಲುದಾರಿಗೆ ಅದರ ಪ್ರಯೋಜನ ದೊರೆಯಬೇಕಾದರೆ ಮತ್ತೊಬ್ಬರು ಮತ್ತೆ ವರ್ಷಗಟ್ಟಲೆ ನ್ಯಾಯಾಲಯ ಅಲೆಯಬೇಕಾಗಿದೆ. ಏಕೆಂದರೆ ತೀರ್ಪಿನ ಬಳಿಕ ಇಂಥ ದಾರಿಗಳನ್ನೆಲ್ಲ ಊರೂರಿನಲ್ಲಿ ಗುರುತಿಸಿ ಹಕ್ಕುದಾಖಲೆಯಲ್ಲಿ ಬರೆಯುವ ಕೆಲಸ ಆಗಲಿಲ್ಲ.

ನನ್ನ ಕಸುಬಿನ ಅನುಭವದಿಂದ ಹೇಳುವುದಾದರೆ, ಕೇಡಿನ ಬೇರು ಗಡಿಯಲ್ಲಿದೆ. ಕರಾವಳಿ ನಿಯಂತ್ರಣ ವಲಯದ ಎಲ್ಲ ನಿಯಮಗಳೂ ಗರಿಷ್ಠ ಉಬ್ಬರದ ಗೆರೆಯಿಂದ ಅಳತೆ ಆರಂಭಿಸುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರದಲ್ಲಿ ನೀರು ನೆಲದ ಮೇಲೆ ಎಲ್ಲಿಯವರೆಗೆ ಏರುತ್ತದೆಯೋ ಅದು ಆ ಗೆರೆ. ಅಲ್ಲಿಂದ 50 ಮೀಟರ್, 200 ಮೀಟರ್, 500 ಮೀಟರ್ ಎಂದು ಒಂದೊಂದು ನಿರ್ಬಂಧ. ಆದರೆ ಆ ಗೆರೆ ಇರುವುದು ಕಾಗದದ ಮೇಲೆ ಮಾತ್ರ. ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆ 1:25,000 ಪ್ರಮಾಣದ್ದು. ಅಂದರೆ ನಕ್ಷೆಯ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ 25 ಮೀಟರ್ ಆಗುತ್ತದೆ. ಪೆನ್ನಿನ ಒಂದು ದಪ್ಪ ಗೆರೆಯೇ 50 ಮೀಟರಿನ ನಿಷಿದ್ಧ ಪಟ್ಟಿಯ ಅರ್ಧವನ್ನು ನುಂಗಬಲ್ಲದು. ಆ ಗೆರೆಯ ಕಡಲ ಕಡೆಯ ಅಂಚಿನಿಂದ ಅಳೆದರೆ ಒಂದು ಹೋಟೆಲಿನ ಊಟದ ಮನೆ ಕಾನೂನುಬದ್ಧ, ನೆಲದ ಕಡೆಯ ಅಂಚಿನಿಂದ ಅಳೆದರೆ ಅತಿಕ್ರಮಣ. ಇದಕ್ಕೆ ಪರಿಹಾರವಾಗಿ ಕರಾವಳಿ ನಿಯಂತ್ರಣ ವಲಯದ ಕೇಂದ್ರ ಅಧಿಸೂಚನೆಯಲ್ಲೇ ಸ್ಥಳೀಯ ಮಟ್ಟದ, ಅಂದರೆ ಸರ್ವೆ ನಂಬರುಗಳು ಕಾಣುವ 1:3,960 ಪ್ರಮಾಣದ ನಕ್ಷೆಗಳಿಗೆ ಅವಕಾಶ ಕಲ್ಪಿಸಲಾಗಿದೆ. ಅವುಗಳಲ್ಲಿ ಒಂದು ಮಿಲಿಮೀಟರ್ ಎಂದರೆ ನಾಲ್ಕು ಮೀಟರಷ್ಟೇ. ನಾನು ದಿನನಿತ್ಯ ಬಳಸುವ ಹಳ್ಳಿ ನಕ್ಷೆಗಳೂ ಹೆಚ್ಚುಕಡಿಮೆ ಇದೇ ಬಗೆಯವು. ನಮ್ಮ ಕಡೆಯ ಪಹಣಿಯಂತೆ ಇಲ್ಲಿ ‘ನಮೂನೆ 1 ಮತ್ತು 14’ ಎಂಬ ಹಕ್ಕುಪತ್ರವಿದೆ. ಅದರಲ್ಲಿ ಹಿಡುವಳಿದಾರನ ಹೆಸರಿಗೆ, ಗೇಣಿದಾರನಿಗೆ, ಬೆಳೆಗೆ ಕಲಮುಗಳಿವೆ. ಈ ಸರ್ವೆ ನಂಬರಿನ ಎಷ್ಟು ಭಾಗ ಕರಾವಳಿ ನಿಯಂತ್ರಣ ವಲಯದಲ್ಲಿದೆ ಎಂದು ಹೇಳುವ ಕಲಮು ಇಲ್ಲ. ಹೀಗಾಗಿ ಜಮೀನು ಕೊಳ್ಳುವವನಿಗೆ, ಸಾಲ ಕೊಡುವ ಬ್ಯಾಂಕಿಗೆ, ನೋಂದಣಿ ಮಾಡುವ ಅಧಿಕಾರಿಗೆ ಆ ಸಂಗತಿ ತಿಳಿಯುವುದು ನೋಟಿಸು ಬಂದ ದಿನವೇ.

ತಿಳಿಯದೆ ಕೊಂಡವರ ಗತಿ ಏನಾಗುತ್ತದೆ ಎಂಬುದನ್ನು ಕೊಚ್ಚಿಯ ಮರಡಿನಲ್ಲಿ ದೇಶವೇ ನೋಡಿತು. ಪಂಚಾಯಿತಿಯೇ ಪರವಾನಗಿ ಕೊಟ್ಟಿದ್ದ ಅಪಾರ್ಟ್‌ಮೆಂಟ್ ಸಮುಚ್ಚಯಗಳು ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿಯಲ್ಲಿ ಎರಡು ದಿನಗಳೊಳಗೆ ಸ್ಫೋಟಕಗಳಿಂದ ನೆಲಕ್ಕುರುಳಿದವು. ಆ ತೀರ್ಪನ್ನು ನಾನು ಒಪ್ಪುತ್ತೇನೆ. ಆದರೆ ಪರವಾನಗಿಗೆ ಸಹಿ ಹಾಕುವ ಹೊತ್ತಿನಲ್ಲಿ ಆ ಮೇಜಿನ ಮೇಲೆ ಸರಿಯಾದ ನಕ್ಷೆಯೊಂದು ಇದ್ದಿದ್ದರೆ, ಜೀವಮಾನದ ಉಳಿತಾಯ ಹಾಕಿದ್ದ ನೂರಾರು ಕುಟುಂಬಗಳು ಬೀದಿಗೆ ಬೀಳುತ್ತಿರಲಿಲ್ಲ.

ಗೋವಾದಲ್ಲಿ ನಕ್ಷೆಯ ಕಥೆ ಇನ್ನೂ ಬೇಸರದ್ದು. 2011ರ ಜನವರಿಯ ಅಧಿಸೂಚನೆಗೆ ತಕ್ಕ ಯೋಜನಾ ನಕ್ಷೆಗೆ ಅನುಮೋದನೆ ದೊರೆತದ್ದು 2022ರ ಸೆಪ್ಟೆಂಬರ್‌ನಲ್ಲಿ. ಆ ವೇಳೆಗೆ ಆ ಅಧಿಸೂಚನೆಯ ಜಾಗಕ್ಕೆ 2019ರ ಜನವರಿಯಲ್ಲಿ ಹೊಸ ಅಧಿಸೂಚನೆ ಬಂದು ಮೂರೂವರೆ ವರ್ಷಗಳೇ ಆಗಿದ್ದವು. 2021ರ ಸಾರ್ವಜನಿಕ ಅಹವಾಲಿನಲ್ಲಿ ಜನರು ಎತ್ತಿದ ಆಕ್ಷೇಪಗಳನ್ನು ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ. ತಮ್ಮ ಊರಿನ ಮರಳು ದಿಬ್ಬ ನಕ್ಷೆಯಲ್ಲಿಲ್ಲ, ಮೀನುಗಾರರ ಕೇರಿ ಇಲ್ಲ, ಖಜಾನಿನ, ಅಂದರೆ ಅಳಿವೆಯಂಚಿನ ಗದ್ದೆಯ, ಒಡ್ಡು ಇಲ್ಲ, ತೂಬು ಇಲ್ಲ ಎಂದು ಅವರು ಹೇಳಿದರು. ನಕ್ಷೆಯಲ್ಲಿ ಇಲ್ಲದ ದಿಬ್ಬವನ್ನು ಸಮಮಾಡಿದವನ ಮೇಲೆ ಯಾವ ಆಧಾರದಿಂದ ಕ್ರಮ ಜರುಗಿಸಲು ಸಾಧ್ಯ?

ಈ ಮರಳು ದಿಬ್ಬಗಳ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕಿದೆ. ಬಯಲುಸೀಮೆಯಿಂದ ಬಂದ ನನ್ನಂಥವನಿಗೆ ಮೊದಮೊದಲು ಅವು ಗಾಳಿ ತಂದು ಹಾಕಿದ ಮರಳಿನ ರಾಶಿಗಳಾಗಿಯೇ ಕಂಡಿದ್ದವು. ಅಡುಂಬು ಬಳ್ಳಿ ಹಬ್ಬಿ, ಅದರ ಬೇರು ಮರಳನ್ನು ಹಿಡಿದು, ಮಳೆಗಾಲದಲ್ಲಿ ಅಲೆ ಕೊರೆದದ್ದನ್ನು ಬೇಸಿಗೆಯಲ್ಲಿ ಗಾಳಿ ಮತ್ತೆ ತುಂಬುವ ಲೆಕ್ಕಾಚಾರ ಅಲ್ಲಿ ನಡೆದಿರುತ್ತದೆ ಎಂಬುದನ್ನು ತಿಳಿಯಲು ನನಗೆ ಹಲವು ಮಳೆಗಾಲಗಳು ಬೇಕಾದವು. ದಿಬ್ಬ ಉಳಿದಿರುವ ಕಡೆ ತೆಂಗಿನ ತೋಟ ಉಳಿದಿದೆ. ದಿಬ್ಬ ತೆಗೆದು ಕುರ್ಚಿ ಹಾಕಿದ ಕಡೆ ಕಲ್ಲುಗುಂಡುಗಳ ತಡೆಗೋಡೆಗೆ ಸರ್ಕಾರದ ಹಣ ಸುರಿಯಬೇಕಾಗುತ್ತದೆ. 2011ರ ಅಧಿಸೂಚನೆ ಗೋವಾಕ್ಕೆಂದೇ ಪ್ರತ್ಯೇಕ ನಿಯಮಗಳನ್ನು ಬರೆದು, ದಿಬ್ಬಗಳನ್ನು ಅಳೆದು ನಕ್ಷೆ ಮಾಡಬೇಕು, ಅವುಗಳ ಮೇಲೆ ಯಾವ ಚಟುವಟಿಕೆಯೂ ಸಲ್ಲದು ಎಂದಿತು. ಕಡಲಾಮೆಗಳು ಮೊಟ್ಟೆಯಿಡುವ ಮಾಂದ್ರೆ, ಮೊರ್ಜಿ, ಗಾಲ್ಜಿಬಾಗ, ಆಗೊಂದ ತೀರಗಳ ಹೆಸರನ್ನು ಅದು ನೇರವಾಗಿ ಉಲ್ಲೇಖಿಸಿದೆ. ಮೊಟ್ಟೆಯೊಡೆದು ಬಂದ ಮರಿ ಬೆಳಕಿನತ್ತ ಹರಿಯುತ್ತದೆ. ಕತ್ತಲ ರಾತ್ರಿಯಲ್ಲಿ ಸಮುದ್ರವೇ ಹೆಚ್ಚು ಬೆಳಕಾಗಿ ತೋರಬೇಕಾದ ಕಡೆ, ಹಿಂದಿನಿಂದ ದೀಪಗಳು ಉರಿದರೆ ಅದು ನೆಲದ ಕಡೆಗೇ ತೆವಳಿ ಸಾಯುತ್ತದೆ.

ಖಜಾನ್ ಎಂದರೆ ತಮ್ಮ ಉತ್ತರ ಕನ್ನಡದ ಓದುಗರಿಗೆ ವಿವರಣೆ ಬೇಕಾಗದು. ಅಘನಾಶಿನಿಯ ಗಜನಿ ಭೂಮಿ ಯಾವುದೋ ಇದೂ ಅದೇ. ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್ ಭತ್ತ. ಉಪ್ಪುನೀರನ್ನು ತಡೆಯುವ ಒಡ್ಡು, ಉಬ್ಬರಕ್ಕೆ ಮುಚ್ಚಿ ಇಳಿತಕ್ಕೆ ತೆರೆಯುವ ತೂಬು, ಒಡ್ಡನ್ನು ಊರವರೇ ಕೂಡಿ ಕಾಯುವ ಕಟ್ಟುಪಾಡು ಎರಡೂ ಕಡೆ ಇದ್ದವು. ಒಬ್ಬನ ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುತ್ತಿದ್ದುದರಿಂದ ಅಲ್ಲಿ ಕಾಯುವವರು ಯಾರು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ನಿಯಮಗಳು ಕಾಲಕ್ರಮದಲ್ಲಿ ಸಡಿಲಗೊಂಡ ರೀತಿಯನ್ನೂ ಇಲ್ಲಿ ನೆನೆಯುವುದು ಅಗತ್ಯ. ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ಕಿನಾರೆಯನ್ನು ತೆರವಾಗಿ ಇಡಬೇಕೆಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು 1981ರಲ್ಲಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಹತ್ತು ವರ್ಷಗಳ ಬಳಿಕ, 1991ರ ಫೆಬ್ರವರಿ 19ರಂದು, ಪರಿಸರ ಸಂರಕ್ಷಣಾ ಕಾಯ್ದೆಯಡಿ ಮೊದಲ ಅಧಿಸೂಚನೆ ಹೊರಬಿತ್ತು. ನದಿ, ಅಳಿವೆಗಳ ದಡದ ನಿಷಿದ್ಧ ಪಟ್ಟಿಯನ್ನು 100 ಮೀಟರಿನಿಂದ 50 ಮೀಟರಿಗೆ ಇಳಿಸಿದ 1994ರ ತಿದ್ದುಪಡಿಯನ್ನು, ಅದಕ್ಕೆ ಸಮರ್ಥನೆ ಇಲ್ಲವೆಂದು 1996ರಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿತು. 2019ರ ಅಧಿಸೂಚನೆಯಲ್ಲಿ ಅದೇ 50 ಮೀಟರ್ ಮರಳಿ ಬಂದಿದೆ. ಮಾಂಡವಿ, ಜುವಾರಿ, ಸಾಳ್ ನದಿಗಳ ದಡದಲ್ಲಿ ಆ 50 ಮೀಟರ್ ಎಂದರೆ ಕಾಂಡ್ಲಾ ಗಿಡಗಳ ಸಾಲು ಇರುವುದೋ ಇಲ್ಲವೋ ಎಂಬಷ್ಟು ದೊಡ್ಡ ಅಂತರ.

1991ರ ಆ ದಿನಾಂಕ ಇಲ್ಲಿನ ವ್ಯಾಜ್ಯಗಳ ಕೇಂದ್ರಬಿಂದು. ಅದಕ್ಕೂ ಮುಂಚೆ ಇದ್ದ ಮನೆಗೆ ರಕ್ಷಣೆಯಿದೆ, ಅದು ನ್ಯಾಯವೂ ಹೌದು, ಏಕೆಂದರೆ ಮೀನುಗಾರನ ಅಜ್ಜ ಕಟ್ಟಿದ ಮನೆ ಯಾವ ನಿಯಮವನ್ನೂ ಮುರಿದಿರಲಿಲ್ಲ. ಆದರೆ ಹಳೆಯ ಗುಡಿಸಲೊಂದರ ಮನೆ ಕಂದಾಯದ ರಸೀತಿ ಹಿಡಿದು, ಅದೇ ಮನೆ ನಂಬರಿನ ಮೇಲೆ ಎರಡು ಅಂತಸ್ತಿನ ವಸತಿಗೃಹ ಏಳುವುದನ್ನು ನಾನು ನನ್ನ ಕೈಯಾರೆ ಬರೆದ ನಕ್ಷೆಗಳಲ್ಲೇ ಕಂಡಿದ್ದೇನೆ. ಕಂದಾಯ ರಸೀತಿ ಕಟ್ಟಡದ ಅಳತೆಯನ್ನು ಹೇಳುವುದಿಲ್ಲ. 1991ಕ್ಕೆ ಮುಂಚಿನ ಸರ್ವೆ ನಕ್ಷೆಗಳನ್ನು ಈಗಿನ ಉಪಗ್ರಹ ಚಿತ್ರಗಳೊಂದಿಗೆ ಪ್ರತಿ ಹಳ್ಳಿಗೂ ಒಂದೇ ಬಾರಿ ತಾಳೆ ನೋಡಿ, ಅಂದು ಇದ್ದ ಕಟ್ಟಡ ಯಾವುದು, ಅದರ ಉದ್ದಗಲ ಎಷ್ಟು ಎಂಬ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದರೆ, ಪ್ರತಿಯೊಂದು ಪ್ರಕರಣದಲ್ಲೂ ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ವಿಚಾರಿಸುವ ಪ್ರಮೇಯ ತಪ್ಪುತ್ತದೆ.

ಗಡಿ ಕಾಣದ ಕಡೆ ಕಾನೂನಿನ ಕೈ ಮೊದಲು ಹಗುರವಾದದ್ದನ್ನೇ ಎತ್ತುತ್ತದೆ. ನನ್ನ ಮನಸ್ಸಿಗೆ ಹೆಚ್ಚು ನೋವು ತಂದಿರುವುದು ಇದೇ. ಕಲಂಗುಟ್, ಅಂಜುಣ, ಕೋಲ್ವಾ ತೀರಗಳಲ್ಲಿ ತಲೆಯ ಮೇಲೆ ಬಟ್ಟೆಯ ಗಂಟು, ಕೈಯಲ್ಲಿ ಮಣಿಸರ ಹಿಡಿದು ಮಾರುವ ಲಂಬಾಣಿ ತಾಯಂದಿರು ನಮ್ಮ ಗದಗ, ಬಾಗಲಕೋಟೆ, ಕೊಪ್ಪಳ ಕಡೆಯವರು. ಅವರನ್ನು ಓಡಿಸಲು ನಕ್ಷೆ ಬೇಕಿಲ್ಲ, ವಿಚಾರಣೆ ಬೇಕಿಲ್ಲ, ಒಂದು ಸಿಳ್ಳು ಸಾಕು. ವಾಸ್ಕೊದ ಬೈನಾ ಕಡಲತೀರದ ವಸತಿ 2004ರ ಜೂನ್‌ನಲ್ಲಿ, ಮಳೆ ಹಿಡಿಯುವ ಹೊತ್ತಿನಲ್ಲಿ, ನೆಲಸಮವಾಯಿತು. ಅಲ್ಲಿದ್ದವರಲ್ಲಿ ಕನ್ನಡಿಗರು ಬಹಳ ಮಂದಿ. ಆ ತೆರವಿಗೆ ನ್ಯಾಯಾಲಯದ ಆದೇಶವಿತ್ತು, ಕಾರಣಗಳೂ ಹಲವಿದ್ದವು ಎಂಬುದನ್ನು ಬಲ್ಲೆ. ಮುಂದಿನ ವರ್ಷಗಳಲ್ಲೂ ಅದೇ ತೀರದಲ್ಲಿ ಮನೆಗಳು ಬಿದ್ದವು. ಕಡಲ ಮರಳಿನ ಮೇಲೆ ಮನೆ ಇರಲಿ ಎಂದು ನಾನು ವಾದಿಸುತ್ತಿಲ್ಲ. ಅಷ್ಟೇ ಹತ್ತಿರದಲ್ಲಿ ಕಾಂಕ್ರೀಟು ಸುರಿದವನಿಗೆ ನೋಟಿಸು, ಸ್ಥಳ ಪರಿಶೀಲನೆ, ಖುದ್ದು ವಿಚಾರಣೆ, ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ, ತಡೆಯಾಜ್ಞೆ ಎಂದು ವರ್ಷಗಳ ಅವಕಾಶ ದೊರೆಯುತ್ತದೆ ಎಂಬುದನ್ನು ಮಾತ್ರ ಹೇಳುತ್ತಿದ್ದೇನೆ. ಅಂಜುಣದ ನಿಷಿದ್ಧ ವಲಯದಲ್ಲಿ 175 ಅಕ್ರಮ ಕಟ್ಟಡಗಳಿರುವ ಸಂಗತಿ ಬಾಂಬೆ ಹೈಕೋರ್ಟಿನ ಗೋವಾ ಪೀಠದ ಮುಂದೆ ಬಂದು, ಪೀಠವೇ ಕಟ್ಟುನಿಟ್ಟಿನ ಆದೇಶ ಹೊರಡಿಸಿದ ಮೇಲೆ ಬೀಗಮುದ್ರೆ ಹಾಕುವ ಕೆಲಸ ನಡೆಯಿತು. ಅಷ್ಟು ಕಟ್ಟಡಗಳು ಒಂದೇ ರಾತ್ರಿಯಲ್ಲಿ ಎದ್ದಿರಲಾರವು.

ನಿರ್ವಹಣೆಯ ವಿಚಾರಕ್ಕೆ ಬರುತ್ತೇನೆ. ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಕೇಂದ್ರ ಸರ್ಕಾರದಿಂದ ಮೂರು ವರ್ಷಗಳ ಅವಧಿಗೆ ರಚನೆಯಾಗುತ್ತದೆ. ಅದರ ಸದಸ್ಯರಾದ ತಜ್ಞರು ತಮ್ಮ ತಮ್ಮ ವೃತ್ತಿಯ ನಡುವೆ ಸಭೆಗೆ ಬಂದು ಹೋಗುವವರು. ಕಿನಾರೆಯಲ್ಲಿ ದಿನವೂ ನಡೆದಾಡಿ ನೋಡುವ ಸಿಬ್ಬಂದಿ ಅದಕ್ಕೆ ಇಲ್ಲ, ಕೆಡವಲು ಹೇಳಿದ ಮೇಲೆ ಅದು ಬೇರೆ ಇಲಾಖೆಗಳ ಯಂತ್ರಕ್ಕೂ ಪೊಲೀಸರಿಗೂ ಕಾಯಬೇಕು. ಮರಳಿನ ಮೇಲಿನ ತಾತ್ಕಾಲಿಕ ಹೋಟೆಲುಗಳಾದ ಶ್ಯಾಕ್‌ಗಳ ಪರವಾನಗಿ ಪ್ರವಾಸೋದ್ಯಮ ಇಲಾಖೆಯದು, ಮನೆ ನಂಬರು ಪಂಚಾಯಿತಿಯದು, ಆಮೆಯ ಗೂಡು ಅರಣ್ಯ ಇಲಾಖೆಯದು, ತಡೆಗೋಡೆ ಜಲಸಂಪನ್ಮೂಲ ಇಲಾಖೆಯದು. ಹೀಗೆ ಒಂದೇ ಮರಳಿನ ಮೇಲೆ ಐದಾರು ಇಲಾಖೆಗಳ ನೆರಳು ಬಿದ್ದರೂ, ಬೆಳಿಗ್ಗೆ ಹೋಗಿ ದೂರು ಹೇಳಲು ಒಂದು ಬಾಗಿಲಿಲ್ಲ. ಪ್ರತಿ ಕರಾವಳಿ ತಾಲ್ಲೂಕಿಗೆ ಒಬ್ಬ ಪೂರ್ಣಾವಧಿ ಕಿನಾರೆ ಅಧಿಕಾರಿ, ಆತನ ಕೈಕೆಳಗೆ ಒಬ್ಬ ಭೂಮಾಪಕ, ಕೆಲಸ ನಿಲ್ಲಿಸಿ ಎಂದು ಸ್ಥಳದಲ್ಲೇ ಆದೇಶಿಸುವ ಅಧಿಕಾರ, ಇವಿಷ್ಟು ಬೇಕು. ಅಡಿಪಾಯದ ಹಂತದಲ್ಲಿ ನಿಲ್ಲಿಸಿದ್ದನ್ನು ಕೆಡವುವ ಅಗತ್ಯ ಬೀಳುವುದಿಲ್ಲ.

ಹೊಸ ಸಮಿತಿಗಳನ್ನು ಹುಟ್ಟುಹಾಕಬೇಕೆಂದು ನಾನು ಕೇಳುತ್ತಿಲ್ಲ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾಮಟ್ಟದ ಸಮಿತಿ ಅಧಿಸೂಚನೆಯಲ್ಲೇ ಇದೆ. ಅದರಲ್ಲಿ ಮೀನುಗಾರರೂ ಸೇರಿದಂತೆ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳು ಇರಬೇಕೆಂದೂ ಇದೆ. ಆ ಸಮಿತಿ ತಿಂಗಳಿಗೊಮ್ಮೆ, ಕಚೇರಿಯಲ್ಲಿ ಕೂರದೆ ಒಂದೊಂದು ಹಳ್ಳಿಯ ಕಿನಾರೆಯಲ್ಲೇ ಸೇರಿ, ನಡಾವಳಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ರಂಪಣಿ ಎಳೆಯುವವನಿಗೆ ಉಬ್ಬರ ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದರೆ ಕಾಲಿನಿಂದ ಗೆರೆ ಎಳೆದು ತೋರಿಸುತ್ತಾನೆ. ನಮ್ಮ ಉಪಕರಣಗಳ ಜೊತೆ ಆ ಗೆರೆಯನ್ನೂ ಇಟ್ಟು ನೋಡಬೇಕು.

ದಂಡದ ವಿಷಯವೂ ಇದೆ. 2023ರ ಜನ ವಿಶ್ವಾಸ ಕಾಯ್ದೆಯ ಮೂಲಕ ಪರಿಸರ ಸಂರಕ್ಷಣಾ ಕಾಯ್ದೆಯ 15ನೇ ಕಲಮಿನಲ್ಲಿದ್ದ ಐದು ವರ್ಷಗಳವರೆಗಿನ ಜೈಲುಶಿಕ್ಷೆ ಹೋಗಿ, ಹತ್ತು ಸಾವಿರದಿಂದ ಹದಿನೈದು ಲಕ್ಷ ರೂಪಾಯಿಗಳವರೆಗೆ ದಂಡ ಬಂದಿದೆ. ಜೈಲಿನ ಭಯ ತೋರಿಸಿಯೂ ಶಿಕ್ಷೆಯಾದದ್ದು ಅಪರೂಪವಾದ್ದರಿಂದ ಈ ಬದಲಾವಣೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಕಿನಾರೆಯ ಮೇಲಿನ ಒಂದು ದೊಡ್ಡ ಕ್ಲಬ್ಬಿಗೆ ಹದಿನೈದು ಲಕ್ಷ ಎಂದರೆ ವ್ಯಾಪಾರದ ಖರ್ಚಿನ ಬಾಬತ್ತಿಗೆ ಸೇರುವ ಮೊತ್ತ. ದಂಡವು ಅತಿಕ್ರಮಿಸಿದ ಚದರ ಮೀಟರಿನ ಮತ್ತು ಅದರಿಂದ ಗಳಿಸಿದ ಆದಾಯದ ಲೆಕ್ಕದಲ್ಲಿ ಇರಬೇಕು, ಮತ್ತು ಕೆಟ್ಟ ದಿಬ್ಬವನ್ನು ಬಳ್ಳಿ ನೆಟ್ಟು ಮರಳಿ ಕಟ್ಟುವ ವೆಚ್ಚ ಬೇರೆಯಾಗಿ ವಸೂಲಾಗಬೇಕು. ಋತುವಿನ ಶ್ಯಾಕ್‌ಗಳಿಗೂ ಇದೇ ನ್ಯಾಯ ಅನ್ವಯವಾಗಲಿ. ಮಳೆಗಾಲಕ್ಕೆ ಮುನ್ನ ಬಿಚ್ಚಿದವರು ನೆಲದಡಿಯ ಕೊಳವೆ, ಸಿಮೆಂಟಿನ ಕಂಬದ ಬುಡ ಇವನ್ನೆಲ್ಲ ತೆಗೆದಿದ್ದಾರೆಯೇ ಎಂದು ಪರಿಶೀಲಿಸಿದ ಮೇಲೆಯೇ ಠೇವಣಿ ಹಿಂದಿರುಗಿಸಬೇಕು.

ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು ನಮ್ಮ ಕಸುಬಿನವರ ಕೆಲಸ. ಗದ್ದೆಯ ನಾಲ್ಕು ಮೂಲೆಗೆ ಕಲ್ಲು ನೆಡುವ ಕಂದಾಯ ಇಲಾಖೆ, ನಾಡಿನ ಅತ್ಯಂತ ಬೆಲೆಬಾಳುವ ಸರ್ಕಾರಿ ನೆಲದ ಅಂಚಿಗೆ ಕಲ್ಲು ನೆಡದಿರುವುದಕ್ಕೆ ಕಾರಣ ಕಾಣುವುದಿಲ್ಲ. ಉಬ್ಬರದ ಗೆರೆ ಅಲುಗುತ್ತದೆ ಎಂದು ಕೆಲವರು ಹೇಳಬಹುದು, ಅದು ನಿಜ. ಹಾಗಾದರೆ ನೂರು ಮೀಟರಿಗೊಂದರಂತೆ ನಿಷಿದ್ಧ ಪಟ್ಟಿಯ ಒಳ ಅಂಚಿನಲ್ಲಿ, ಅಲೆ ಮುಟ್ಟದ ಗಟ್ಟಿ ನೆಲದಲ್ಲಿ ನಂಬರು ಹಾಕಿದ ಕಲ್ಲು ನೆಟ್ಟು, ಅಲ್ಲಿಂದ ಅಳೆದು ಐದು ವರ್ಷಕ್ಕೊಮ್ಮೆ ಗೆರೆಯನ್ನು ಪರಿಷ್ಕರಿಸಬಹುದು. 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ದೋನಾ ಪಾವ್ಲಾದಲ್ಲಿ ಇರುವ ರಾಜ್ಯಕ್ಕೆ ಈ ಅಳತೆ ಕಷ್ಟವಾಗಬಾರದು. ಆ ಕಲ್ಲುಗಳ ನಂಬರು ‘1 ಮತ್ತು 14’ರಲ್ಲಿ ಬರಲಿ, ಮರಳಿನ ಪಟ್ಟಿಗೆ ಸ್ವಂತ ಸರ್ವೆ ನಂಬರು ಸಿಗಲಿ, ಕಿನಾರೆಗೆ ಹೋಗುವ ಪ್ರತಿ ಕಾಲುದಾರಿಯೂ ಅದರಲ್ಲಿ ದಾಖಲಾಗಲಿ. ಕಾರವಾರ, ಗೋಕರ್ಣ, ಮುರುಡೇಶ್ವರ, ಮಲ್ಪೆಗಳಲ್ಲಿ ಪ್ರವಾಸಿಗರ ಸಂಖ್ಯೆ ಏರುತ್ತಿರುವ ಈ ದಿನಗಳಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಈಗಲೇ ಮಾಡಿದರೆ, ಗೋವಾ ಇಂದು ನ್ಯಾಯಾಲಯದಲ್ಲಿ ಪಡುತ್ತಿರುವ ಪಾಡು ಅಲ್ಲಿ ತಪ್ಪೀತು.

2019ರ ಅಧಿಸೂಚನೆಯಂತೆ ಹೊಸ ಕರಡು ನಕ್ಷೆ ಅಹವಾಲಿಗೆ ಬಂದಾಗ ಗೋವಾದ ಕನ್ನಡ ಸಂಘಗಳು ಸುಮ್ಮನಿರಬಾರದೆಂದು ನನ್ನ ವಿನಂತಿ. ರಾಜ್ಯೋತ್ಸವಕ್ಕೆ ಸೇರುವ ನಾವು ಆ ದಿನವೂ ಸೇರಬೇಕು, ಬಟ್ಟೆ ಮಾರುವ ತಾಯಂದಿರನ್ನೂ ಕಟ್ಟಡ ಕೆಲಸದ ಅಣ್ಣಂದಿರನ್ನೂ ಜೊತೆಗೆ ಕರೆದೊಯ್ಯಬೇಕು, ಏಕೆಂದರೆ ಯಾವ ದಾರಿಯಲ್ಲಿ ಹೋಗುತ್ತಿದ್ದೆವು, ಎಲ್ಲಿ ಗೇಟು ಬಿತ್ತು ಎಂಬುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆಕ್ಷೇಪಣೆಯನ್ನು ಸರ್ವೆ ನಂಬರಿನ ಸಹಿತ ಬರೆಯಲು, ನಕ್ಷೆಯ ಗೆರೆಗಳನ್ನು ಓದಿ ಹೇಳಲು ಭಾನುವಾರಗಳಂದು ಅವರೊಂದಿಗೆ ಕೂರಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಭೂಮಾಪನ ನಕ್ಷೆಗಾರ,
ಮಡಗಾಂವ್, ಗೋವಾ